ಕಾರ್ಟನ್ನಿಗೆ ಸುತ್ತಿದ ಹಗ್ಗ

ಕುವೈತಿನ ಆಸ್ಪತ್ರೆಯ ನಮ್ಮ ವಾರ್ಡಿನಲ್ಲಿ ಕ್ಯೂಬಾದ ನರ್ಸ್ ಒಬ್ಬಳಿದ್ದಾಳೆ. ಜೇಬಿನ ಫೋನು ಗುಂಯ್ ಎಂದರೆ ಸಾಕು, ಕೈಯಲ್ಲಿದ್ದ ಟ್ರೇಯನ್ನು ನನ್ನ ಕೈಗೆ ತುರುಕಿ ಓಡುತ್ತಾಳೆ. ಮೊದಮೊದಲು ನನ್ನ ಮೈಯೆಲ್ಲ ಉರಿಯುತ್ತಿತ್ತು. ಅವಳ ಊರಿಗೆ ಕರೆಂಟು ಬಂದಾಗ ಮಾತ್ರ ಮಗಳ ಫೋನು ಸಿಗುತ್ತದೆ ಎಂದು ಗೊತ್ತಾದ ಮೇಲೆ ನಾನೇ ಟ್ರೇಗೆ ಕೈಚಾಚತೊಡಗಿದೆ.

ಆಗ ಮಗಳು ಏಳು ತಿಂಗಳ ಬಸುರಿ. ಮನೆ ನಾಲ್ಕನೇ ಮಹಡಿಯಲ್ಲಿ. ಕರೆಂಟಿಲ್ಲದಿದ್ದರೆ ಪಂಪಿಲ್ಲ, ಕೆಳಗಿನಿಂದ ಬಕೆಟ್ಟು ಹೊತ್ತು ಮೆಟ್ಟಿಲು ಹತ್ತಬೇಕು. ಅಳಿಯನಿಗೆ ದೂರದ ಊರಿನಲ್ಲಿ ಕೆಲಸ. ಒಮ್ಮೆ ಕತ್ತಲಲ್ಲಿ ಕಾಲು ಜಾರಿ, ಗೋಡೆ ಹಿಡಿದು ಹೇಗೋ ಬಚಾವಾದಳಂತೆ. ಅದನ್ನು ಕೇಳಿದ ದಿನದಿಂದ ಇವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಇವಳನ್ನು ನೋಡಿ ನನಗೂ. ನಮ್ಮ ಕಡೆಯಾದರೆ ಏಳನೇ ತಿಂಗಳಲ್ಲಿ ಬಯಕೆ ಊಟ ಮುಗಿಸಿ ಮಗಳನ್ನು ತವರಿಗೆ ಕರೆತರುತ್ತೇವೆ. ಇಲ್ಲಿ ತವರೇ ಕುವೈತಿನಲ್ಲಿದೆ, ಅದಕ್ಕೆ ರಜೆಯಿಲ್ಲ.

ಅಷ್ಟರಲ್ಲಿ ಅವಳ ಊರಿನವನೊಬ್ಬ ರಜೆಗೆ ಹೊರಟ, ಒಂದು ಕಾರ್ಟನ್ ಒಯ್ಯಲು ಒಪ್ಪಿದ. ಪ್ಯಾಕಿಂಗಿಗೆ ಅವಳನ್ನು ರಿಗ್ಗೈ ಬಡಾವಣೆಯ ನಮ್ಮ ಮನೆಗೇ ಕರೆದೆ. ಗ್ಲೌಸು, ಹತ್ತಿ, ಗಾಯ ಹೊಲಿಯುವ ದಾರ, ಸೋಪು, ಹಾಲಿನ ಪುಡಿ ಎಲ್ಲ ಹರಡಿಕೊಂಡು ಕೂತಳು.

"ಹೆರಿಗೆಗೆ ದಾರವೂ ನೀವೇ ತರಬೇಕಾ?" ಎಂದೆ.

ಇಂಗ್ಲಿಷು, ಅರಬ್ಬಿ ಕಲಸಿದ ನಮ್ಮ ಆಸ್ಪತ್ರೆ ಭಾಷೆಯಲ್ಲಿ ಹೇಳಿದಳು: "ಡಾಕ್ಟರು ಪುಕ್ಕಟೆ, ದಾರ ನಮ್ಮದು. ಮೊದಲು ರೇಷನ್ನಿನಲ್ಲಿ ಎಲ್ಲ ಸಿಗ್ತಿತ್ತು, ಸಾಲದು ಅಂತ ಗೊಣಗ್ತಿದ್ವಿ. ಈಗ ಗೊಣಗೋಣ ಅಂದ್ರೆ ಅಂಗಡಿಯೇ ತೆರೆದಿರಲ್ಲ."

ಕಾರ್ಟನ್ ತುಂಬಿದ್ದೇ ತಡ, ನಮ್ಮವರು ಹಸಿರು ನೈಲಾನ್ ಹಗ್ಗ ಹಿಡಿದು ಬಂದರು. ಹಗ್ಗ ಸುತ್ತದ ಕಾರ್ಟನ್ ಅವರ ಪ್ರಕಾರ ಕಾರ್ಟನ್ನೇ ಅಲ್ಲ. ಮೊಣಕಾಲು ಒತ್ತಿ, ಚೌಕ ಚೌಕವಾಗಿ ಬಿಗಿಯತೊಡಗಿದರು.

"ಖಲಾಸ್, ಖಲಾಸ್! ಟೇಪ್ ಸಾಕು. ಆ ಹಗ್ಗದ ತೂಕಕ್ಕೆ ಎರಡು ಸೋಪು ಹಿಡಿಯುತ್ತೆ," ಎಂದು ಅವಳು ಕೂಗಿದಳು.

"ಬಿಡಿ ಮಾರಾಯ್ರೆ, ಅವಳು ಹೇಳುವುದೂ ಸರಿಯೇ," ಎಂದೆ.

"ನಿಂಗೆಂತ ಗೊತ್ತುಂಟು? ದಾರಿಯಲ್ಲಿ ಒಡೆದ್ರೆ?" ಎಂದು ಹಟಕ್ಕೆ ಬಿದ್ದು ಇನ್ನೂ ನಾಲ್ಕು ಸುತ್ತು ಸುತ್ತಿದರು. ಅವಳು ಮುಖ ಊದಿಸಿಕೊಂಡೇ ಹೋದಳು.

ಆಮೇಲೆ ಎಷ್ಟೋ ದಿನ ಫೋನಿಲ್ಲ. ಕೊನೆಗೊಮ್ಮೆ ಬಂದಾಗ ನನ್ನನ್ನೂ ಕಾರಿಡಾರಿಗೆ ಎಳೆದುಕೊಂಡು ಹೋದಳು. ಪರದೆಯ ಮೇಲೆ ಮಗಳು, ಬಾಲ್ಕನಿ, ಬಾಲ್ಕನಿಯ ಕಂಬಿಯಲ್ಲಿ ನಮ್ಮ ಹಸಿರು ಹಗ್ಗ! ಪಕ್ಕದ ಮನೆಯ ಮುದುಕ ಕೆಳಗಿನಿಂದ ತುಂಬಿದ ಬಕೆಟ್ಟನ್ನು ಎಳೆಯುತ್ತಿದ್ದ.

"ಪಂಪೂ ಕೆಟ್ಟು ಕೂತಿದೆಯಂತೆ. ಇವಳು ಮೆಟ್ಟಿಲು ಹತ್ತೋದು ಬಿಟ್ಟಿದ್ದಾಳಂತೆ. ಇಡೀ ಬಿಲ್ಡಿಂಗಿಗೆ ಇದೊಂದೇ ಹಗ್ಗ," ಎಂದು ಅತ್ತಳು, ನಕ್ಕಳು. ಬಕೆಟ್ಟು ಮೂರನೇ ಮಹಡಿ ದಾಟುತ್ತಿತ್ತು, ಪರದೆ ಕಪ್ಪಾಯಿತು. ಕರೆಂಟು ಹೋಗಿತ್ತು.

ಅವಳು ಕಪ್ಪು ಫೋನನ್ನೇ ನೋಡುತ್ತ ಕೇಳಿದಳು: "ಕಂಬಿಗೆ ಉಜ್ಜುತ್ತಲ್ಲ, ಎಷ್ಟು ದಿನ ತಡೆಯುತ್ತೆ? ನಿನ್ನ ಗಂಡನ್ನ ಕೇಳು."

ಮನೆಗೆ ಬಂದು ಕೇಳಿದೆ. ನಮ್ಮವರು ಆಗಲೇ ಚಪ್ಪಲಿ ಮೆಟ್ಟಿಕೊಂಡು ಅಬ್ಬಾಸಿಯಾದ ಮಾರ್ಕೆಟ್ಟಿಗೆ ಹೋಗಿ ಅದಕ್ಕಿಂತ ದಪ್ಪದ ಹಗ್ಗ ತಂದರು. ಒಯ್ಯುವವರು ಯಾರೂ ಇನ್ನೂ ಸಿಕ್ಕಿಲ್ಲ. ಸುರುಳಿ ಬಾಗಿಲ ಹಿಂದೆಯೇ ಇದೆ. ಆ ಹುಡುಗಿಗೆ ಒಂಬತ್ತು ತಿಂಗಳು ತುಂಬುತ್ತಾ ಬಂತು.