ರಟ್ಟಿನ ಮೇಲೆ ಹೆಸರು

ಎದುರಿನ ಗ್ಯಾರೇಜಿನಲ್ಲಿ ತಗಡು ಬಡಿಯುವ ಸದ್ದು ಶುರುವಾಯಿತೆಂದರೆ ಬೈಂಡರ್ ಅಕ್ಕ ಅಂಗಡಿಯ ಬಾಗಿಲು ತೆಗೆದಳೆಂದೇ ಲೆಕ್ಕ. ಇಪ್ಪತ್ತು ವರ್ಷಗಳಿಂದ ಅವಳು ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದಾಳೆ. ಅವಳ ಚರ್ಚಿನವರು ಬೈಬಲ್ ತಂದಾಗ ಮಾತ್ರ ದನಿ ತಗ್ಗಿಸಿ, "ಹೆಸರು ಹಾಕಬೇಡಿ ಅಕ್ಕ, ಡಿಕ್ಷನರಿ ಥರ ಕಾಣಲಿ" ಎನ್ನುತ್ತಿದ್ದರು. ಅವಳೂ ಹಾಗೇ ಕಟ್ಟಿಕೊಡುತ್ತಿದ್ದಳು.

ಹೋದ ವಾರ ಅಂಥದೊಂದು ಬೈಬಲ್ ರದ್ದಿ ಗಾಡಿಯಲ್ಲಿ ಸಿಕ್ಕಿತು. ಹಳೇ ಡಿಕ್ಷನರಿಯೆಂದು ಕಟ್ಟಿಸಿಕೊಂಡವರ ಮನೆಯವರೇ ಹಾಕಿಬಿಟ್ಟಿದ್ದರು.

ಅಂದೇ ಅವಳು ತನ್ನ ಬೈಬಲ್ಲಿಗೆ ಹೊಸ ರಟ್ಟು ಕಟ್ಟಿ, ಹೆಬ್ಬೆರಳಗಲದ ಹೊಂಬಣ್ಣದ ಅಕ್ಷರಗಳಲ್ಲಿ 'ಬೈಬಲ್' ಎಂದು ಹೆಸರು ಒತ್ತಿದಳು. ಭಾನುವಾರ ಅದನ್ನು ಕೈಯಲ್ಲಿ ಹಿಡಿದು ಹೊರಟಾಗ, ಜೊತೆಗಿದ್ದ ಅವಳ ಅಣ್ಣ ಅಂಗಡಿಯ ಬಾಗಿಲಲ್ಲೇ ತಡೆದ.

"ಚರ್ಚಿನವರಿಗೆ ಅಂಗಡಿ ಬಾಡಿಗೆಗೆ ಕೊಡಲ್ಲ ಅಂತ ಓನರು ಹೇಳಿಲ್ವೇನೇ? ಬ್ಯಾಗಲ್ಲಿ ಹಾಕ್ಕೋ. ದೇವರಿಗೆ ಬ್ಯಾಗೊಳಗೂ ಕಾಣುತ್ತೆ."

"ದೇವರಿಗೆ ಕಾಣುತ್ತಣ್ಣ. ಓನರಿಗೆ ಕಾಣಲ್ವಲ್ಲ!"

"ಅಂಗಡಿ ಹೋದ್ರೆ?"

"ಅಂಗಡಿ ಅವರದು. ಸೂಜಿ, ದಾರ, ಕೈ ನಂದು."

"ಮಾರಾಯ್ತಿ, ಹಿಂದಿನ ಓಣೀಲಾದ್ರೂ ಹೋಗು. ಓನರು ಮುಂದೇನೇ ನಿಂತಿದ್ದಾರೆ."

ಅಕ್ಕ ಮುಂಬಾಗಿಲಿನಿಂದಲೇ ಬೀದಿಗಿಳಿದಳು. ಓನರ ಕಣ್ಣು ರಟ್ಟಿನ ಮೇಲೆ ನಿಂತಿತು.

"ನಮಸ್ಕಾರ ಸಾರ್, ಚರ್ಚಿಗೆ ಹೊರಟೆ," ಎಂದಳು, ನಿಲ್ಲದೆ ನಡೆಯುತ್ತಲೇ. "ಅಂಗಡಿ ವಿಷಯ ಏನಿದ್ರೂ ನಾಳೆ..."