ಗೆಣಸು ಸುಡುವ ಒಲೆ

ಮುತ್ತಂಗದ ಕಾಡಿನ ಕಡೆ ಮೋಡ ಕಪ್ಪಾಯಿತೆಂದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಇವತ್ತು ಬೆಳಗಿನಿಂದ ನಾಲ್ಕು ಸಲ ಹಿತ್ತಲಿಗೆ ಹೋಗಿ ಬಂದೆ. ಕೊನೆಗೆ ಹರಳೆಣ್ಣೆಯ ಸೀಸೆ ತೆಗೆದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಮ್ಮ ನೆನಪಾದಳು.

ನಿಮ್ಮೂರಲ್ಲಿ ಹೇಗೋ ಕಾಣೆ, ನಮ್ಮ ವಯನಾಡಿನಲ್ಲಿ ಹೊರಗೆ ಕೆಂಡ ಹಾಕಿಕೊಂಡು ಕೂರುವುದು ಚಳಿಗಾಲದಲ್ಲಿ. ಆ ಕೆಂಡದ ಒಲೆಯನ್ನು, ಅಂದರೆ ಗ್ರಿಲ್ಲನ್ನು, ಎತ್ತಿಡುವುದು ಮಳೆಗೆ ಮುಂಚೆ. ನಮ್ಮದನ್ನು ಮಾಡಿಕೊಟ್ಟವನು ಪಕ್ಕದ ಮನೆಯ ಬಾಬು. ಹಳೇ ಡ್ರಮ್ಮನ್ನು ಉದ್ದಕ್ಕೆ ಸೀಳಿ, ಕಾಲು ಬೆಸೆದು, ಮೇಲೊಂದು ಕಬ್ಬಿಣದ ಜಾಲರಿ. ಭಾನುವಾರ ನಾವಿಬ್ಬರೂ ಅದರ ಮೇಲೆ ಕೋಳಿ ಸುಡುತ್ತಿದ್ದೆವು. ಗುಂಡ್ಲುಪೇಟೆಯಿಂದ ಇಲ್ಲಿನ ಕೇಣಿಚಿರಕ್ಕೆ ಬಂದು ಬಟ್ಟೆ ಅಂಗಡಿ ಇಟ್ಟ ನಮ್ಮದು ಮಾಂಸ ಮುಟ್ಟದ ಮನೆ. ಅಮ್ಮ ಕೇಳಿದರೆ "ಗೆಣಸು" ಎನ್ನುತ್ತಿದ್ದೆ. ಮೀಸೆ ನರೆತಿತ್ತು, ಮಗಳು ಕಾಲೇಜಿಗೆ ಹೋಗುತ್ತಿದ್ದಳು, ನಾನು ಮಾತ್ರ ಅಮ್ಮ ಹಿತ್ತಲ ಬಾಗಿಲಿಗೆ ಬಂದರೆ ತಟ್ಟೆ ಮುಚ್ಚಿ ಎದ್ದು ನಿಲ್ಲುತ್ತಿದ್ದೆ.

ಎತ್ತಿಡುವಾಗಂತೂ ಜೀವ ಕೈಯಲ್ಲಿ. ವಾಸನೆ ಉಳಿಯಬಾರದಲ್ಲ! ಸೋಪಿನ ಪುಡಿ, ತೆಂಗಿನ ನಾರು ಹಾಕಿ ಮೂರು ಸಲ ತಿಕ್ಕಿ, ಒದ್ದೆಯಲ್ಲೇ ಟಾರ್ಪಾಲು ಸುತ್ತಿ ಸೌದೆಮನೆಗೆ ತಳ್ಳುತ್ತಿದ್ದೆ. ಮಳೆ ಮುಗಿದು ಬಿಚ್ಚಿದರೆ ಕೈಗೆ ತುಕ್ಕಿನ ಪುಡಿ. ಬಾಬು ಮೂರು ಜಾಲರಿ ಬದಲಿಸಿದ. "ಜಿಡ್ಡು ಇದ್ರೇ ಕಬ್ಬಿಣ ಬಾಳೋದು ಚೇಟ್ಟಾ," ಎಂದು ಗದರಿದ; ಅವನ ಮಲಯಾಳದಲ್ಲಿ ಅಣ್ಣನೆಂದರೆ ಚೇಟ್ಟ. ಅವನಿಗೇನು, ಅವನಮ್ಮನೇ ಮೀನು ಹುರಿದು ಬಡಿಸುವವಳು.

ಒಂದು ವರ್ಷ ಹೀಗೇ ತಿಕ್ಕುತ್ತಿದ್ದಾಗ ಹಿಂದೆ ಅಮ್ಮನ ದನಿ.

"ಅಲ್ಲ ಕಣ್ ಮಗಾ, ಗೆಣಸಿಂದ ಇಷ್ಟು ಜಿಡ್ಡು ಬತ್ತದಾ?"

ನಾನು ಟಾರ್ಪಾಲನ್ನು ಜಾಲರಿಯ ಮೇಲೆ ಎಳೆದೆ.

"ನೀರು ಹಾಕಿ ಉಜ್ಜಿದ್ರೆ ತುಕ್ಕು ಹಿಡಿದು ಹಾಳಾಯ್ತದೆ. ತಿಂದೋನು ನೀನು, ಕಬ್ಬಿಣ ಏನ್ ಮಾಡ್ತು?" ದೋಸೆಕಲ್ಲಿಗೆ ಸವರುವ ಹರಳೆಣ್ಣೆಯನ್ನು ಚಿಪ್ಪಿನಲ್ಲಿ ತಂದು ನನ್ನಿಂದ ಮಾರು ದೂರದಲ್ಲಿಟ್ಟಳು. "ನಾನದ ಮುಟ್ಟಕ್ಕಿಲ್ಲ. ನೀನೇ ಸವರು." ಎರಡು ಹೆಜ್ಜೆ ಹೋಗಿ ನಿಂತಳು. "ತಿಂದಿದ್ಕಲ್ಲ ನಂಗೆ ಬೇಜಾರು, ಸುಳ್ಳೇಳಿದ್ಕೆ. ಇಷ್ಟ್ ವರ್ಷ ಗೆಣಸು ಸುಟ್ಟೋನು ಅವ್ವಂಗೆ ಒಂದು ತುಂಡು ತಂದ್ಕೊಡ್ನಿಲ್ವಲ್ಲ. ಅದ್ರಲ್ಲೇ ಗೊತ್ತಾಯ್ತು, ಗೆಣಸಲ್ಲ ಅಂತ."

ತಪ್ಪಾಯಿತು ಎನ್ನಬಹುದಿತ್ತು. ಚಿಪ್ಪು ಎತ್ತಿಕೊಂಡೆ. ಎಣ್ಣೆ ಸವರಿದೆ. ನಾಳೆ ಹೇಳೋಣ, ಹಬ್ಬ ಕಳೆಯಲಿ ಎಂದು ಮುಂದೂಡುತ್ತಲೇ ಎರಡು ಮಳೆಗಾಲ ಕಳೆದವು. ಮೂರನೆಯದಕ್ಕೆ ಅಮ್ಮ ಇರಲಿಲ್ಲ. ಆಗ ಹಿಡಿದ ಈ ಚಡಪಡಿಕೆ ಪ್ರತಿ ಮೇ ತಿಂಗಳು ಬರುತ್ತದೆ. ನೆಪವನ್ನು ಮೋಡದ ಮೇಲೆ ಹಾಕುತ್ತೇನೆ, ಅಷ್ಟೆ.

ಇವತ್ತು ಬೂದಿ ಪೂರ್ತಿ ಕೊಡವಿದೆ, ಜಾಲರಿಯನ್ನು ಬೆಚ್ಚಗೆ ಮಾಡಿ ಎಣ್ಣೆ ಸವರಿದೆ, ಒಣ ಗೋಣಿ ಸುತ್ತಿದೆ. ಕೆಲಸ ಮುಗಿದರೂ ಕಾಲು ನಿಲ್ಲಲಿಲ್ಲ. ಹಿತ್ತಲ ಬಾಗಿಲಿಗೆ ಮುಖ ಮಾಡಿ, "ಕೋಳಿ ಕಣವ್ವಾ. ಅಷ್ಟೂ ವರ್ಷ ಕೋಳಿ," ಎಂದೆ, ಗಟ್ಟಿಯಾಗಿಯೇ.

ಬೇಲಿಯಾಚೆಯಿಂದ ಬಾಬು ತಲೆಯೆತ್ತಿದ. "ಏನ್ ಚೇಟ್ಟಾ? ಯಾರ ಹತ್ರ ಮಾತು?"

ಏನಿಲ್ಲ ಎನ್ನಲು ಬಾಯಿ ತೆರೆದವನು ತಡೆದೆ.

"ಅಮ್ಮನ ಹತ್ರ," ಎಂದೆ.