ಕಿಟಕಿಯಲ್ಲಿ ಕೊಟ್ಟ ಬಿಲ್ಲೆ

ಆಗುವುದಿಲ್ಲ ಎಂದು ಮೊದಲು ಹೇಳಿದವನು ನನ್ನ ಸೋದರಮಾವ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಅವನಿಗೆ ಹಳಿ ಬದಲಿಸುವ ಕೆಲಸ. ನಾನು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗ ಉರಿಗಾಮಿನ ಚಿನ್ನದ ಗಣಿಯ ಕಾರ್ಮಿಕರ ಸಾಲಿನಲ್ಲಿದ್ದ ನಮ್ಮ ಲೈನು ಮನೆಗೆ ಬಂದು, ಮುದ್ದೆ ಮುರಿಯುತ್ತ, ಅಪ್ಪನಿಗೆ ಹೇಳಿದ:

"ಬಿ.ಎ. ಗಿ.ಎ. ಎಲ್ಲಾ ನಮ್ಮ ವಂಸಕ್ಕೆ ಆಗೋ ಮಾತಲ್ಲ ಭಾವ. ಫುಟ್‌ಬಾಲ್ ಬೂಟು ಎಗಲಿಗೆ ಆಕ್ಕೊಂಡು ಬೆಂಗ್ಳೂರು ರೈಲು ಅತ್ತೋರ್ನೂ ನಾನೇ ನೋಡಿವ್ನಿ, ಕೋಲು ಇಡ್ಕೊಂಡು ಇಳಿಯೋರ್ನೂ ನಾನೇ ನೋಡಿವ್ನಿ."

ಅವನು ನೋಡಿದ್ದು ನಿಜ. ಗಣಿ ಕಡೆಯಿಂದ ಬೆಂಗಳೂರಿಗೆ ಹೋಗುವವರೆಲ್ಲ ಬಂಗಾರಪೇಟೆಯಲ್ಲಿ ಇಳಿದು ಗಾಡಿ ಬದಲಿಸಬೇಕಿತ್ತು. ಯಾರು ಹೋದರು, ಯಾರು ಎಷ್ಟು ದಿನಕ್ಕೆ ವಾಪಸ್ ಬಂದರು ಎಂಬ ಲೆಕ್ಕ ಮಾವನ ಕಣ್ಣಿಗೆ ತಪ್ಪುತ್ತಿರಲಿಲ್ಲ.

ಅಪ್ಪ ಬೂದಿಕೋಟೆ ಕಡೆಯ ಹಳ್ಳಿಯವನು. ಮೀಸೆ ಮೂಡುವ ಮೊದಲೇ ಗಣಿಗೆ ಬಂದು ಭೂಮಿಯೊಳಗೆ ಇಳಿದವನು. ಅವನಿಗೆ ಗೊತ್ತಿದ್ದ ಒಂದೇ ಕಚೇರಿಯೆಂದರೆ ಗಣಿಯ ಬಾಯಲ್ಲಿದ್ದ ಹಾಜರಿ ಕಿಟಕಿ. ಇಳಿಯುವ ಮುಂಚೆ ಪ್ರತಿಯೊಬ್ಬನೂ ತನ್ನ ನಂಬರು ಕೊರೆದ ಹಿತ್ತಾಳೆ ಬಿಲ್ಲೆಯನ್ನು ಆ ಕಿಟಕಿಯಲ್ಲಿ ಕೊಡಬೇಕು. ಒಳಗಿನವರು ಅದನ್ನು ಹಲಗೆಯ ಮೊಳೆಗೆ ತೂಗುಹಾಕುತ್ತಾರೆ. ಮೇಲೆ ಬಂದವನು ತನ್ನ ಬಿಲ್ಲೆ ಇಸಿದುಕೊಂಡು ಮನೆಗೆ ಹೋಗುತ್ತಾನೆ. ಪಾಳಿ ಮುಗಿದ ಮೇಲೂ ಹಲಗೆಯಲ್ಲಿ ಬಿಲ್ಲೆ ಉಳಿದಿದ್ದರೆ ಅದರ ಯಜಮಾನ ಇನ್ನೂ ಕೆಳಗೇ ಇದ್ದಾನೆ ಎಂದರ್ಥ. ಅಪ್ಪ ಹೊಸಿಲು ತುಳಿದಾಗ ಅಮ್ಮ ದಣಿವಾಯಿತೇ, ಊಟಕ್ಕಿಡಲೇ ಎಂದು ಕೇಳಿದ್ದು ನಾನು ಕಾಣೆ. "ಬಿಲ್ಲೆ ಬಂತಾ?" ಎನ್ನುತ್ತಿದ್ದಳು. ಬಂತು ಎಂದರೆ ಅದನ್ನು ಗೂಟಕ್ಕೆ ಹಾಕಿ ಒಲೆಯ ಕಡೆ ತಿರುಗುತ್ತಿದ್ದಳು.

ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ನಮ್ಮ ಮನೆಗಳ ಪಾತ್ರೆಗಳು ಅಲುಗುತ್ತಿದ್ದವು. ಇಡೀ ಲೈನಿನ ಹೆಂಗಸರು ಆಡುತ್ತಿದ್ದ ಮಾತು ನಿಲ್ಲಿಸಿ ಆ ಕಿಟಕಿಯ ದಿಕ್ಕಿಗೆ ನೋಡುತ್ತಿದ್ದರು. ಆಮೇಲೆ ಮಾತು ಮುಂದುವರಿಯುತ್ತಿತ್ತು, ಆದರೆ ಬೇರೆ ದನಿಯಲ್ಲಿ.

ನಮ್ಮ ಆಟದ ಬಯಲು ಅದಿರು ಅರೆದು ಉಳಿದ ಬಿಳಿ ಮಣ್ಣಿನ ಗುಡ್ಡದ ಬುಡದಲ್ಲಿತ್ತು. ಹುಲ್ಲು ಹುಟ್ಟದ ನೆಲ, ಬರೀ ನೊರಜುಗಲ್ಲು. ಗಾಳಿ ಎದ್ದರೆ ಚೆಂಡು ಕಾಣುತ್ತಿರಲಿಲ್ಲ, ಆದರೂ ಆಡುತ್ತಿದ್ದೆವು. ನಾನು ರೈಟ್ ಔಟ್, ಬಲ ಅಂಚಿನಲ್ಲಿ ಓಡುವವನು. ಬರಿಗಾಲಲ್ಲಿ ಆ ಕಲ್ಲಿನ ಮೇಲೆ ಓಡಿ ಕಲಿತವನಿಗೆ ಬೇರೆ ಯಾವ ನೆಲವೂ ಮೆತ್ತಗೆ.

ಬೆಂಗಳೂರಿನ ಎರಡು ಕಾಲೇಜುಗಳಿಗೆ ಇದು ಗೊತ್ತಿತ್ತು. ಒಂದು ಪೇಟೆಯ ಕಡೆಯದು, ಇನ್ನೊಂದು ದಂಡಿನ, ಎಂದರೆ ಕಂಟೋನ್ಮೆಂಟಿನ, ಕಡೆಯದು. ಎರಡಕ್ಕೂ ಫುಟ್‌ಬಾಲಿನಲ್ಲಿ ಹಾವು ಮುಂಗುಸಿ. ವಾರ್ಷಿಕ ಪರೀಕ್ಷೆ ಹತ್ತಿರವಾದಂತೆ ಭಾನುವಾರಗಳಂದು ಎರಡೂ ಕಡೆಯವರು ಬಂದು ನಮ್ಮ ಬಯಲಿನ ಆ ಬದಿಗೊಬ್ಬರು ಈ ಬದಿಗೊಬ್ಬರು ನಿಲ್ಲುತ್ತಿದ್ದರು. ಒಬ್ಬರನ್ನೊಬ್ಬರು ಮಾತಾಡಿಸುತ್ತಿರಲಿಲ್ಲ. ಪೇಟೆ ಕಾಲೇಜಿನಿಂದ ಬರುತ್ತಿದ್ದವರು ಕೊಡೆ ಹಿಡಿದ ಒಬ್ಬ ಮೇಷ್ಟ್ರು. ದಂಡಿನ ಕಾಲೇಜಿನಿಂದ ಆಟದ ಉಸ್ತುವಾರಿ, ಬಿಳಿ ಕ್ಯಾನ್ವಾಸು ಶೂ ಹಾಕಿದ ನಗುಮುಖದ ಮನುಷ್ಯ.

ಬಿಳಿ ಶೂನವರು ಆಟ ಮುಗಿದ ಮೇಲೆ ನನ್ನನ್ನು ಕಲ್ಲಿನ ಮೇಲೆ ಕೂರಿಸಿ, ಮೊಣಕಾಲು ಅದುಮಿ, ಮೀನಖಂಡ ಹಿಡಿದು ನೋಡಿದರು. ಸಂತೆಯಲ್ಲಿ ಎತ್ತು ಕೊಳ್ಳುವವರು ಹೀಗೆಯೇ ನೋಡುತ್ತಾರೆ. "ಹಾಸ್ಟೆಲ್ಲು ಫ್ರೀ, ಫೀಸು ಫ್ರೀ" ಎಂದರು. ಹೊಸ ಬೂಟಿನ ಜೋಡಿಯೊಂದನ್ನು ಪಕ್ಕದಲ್ಲಿಟ್ಟು ಹೋದರು. ನಾನು ಬೂಟು ಮುಟ್ಟಿದ್ದು ಅದೇ ಮೊದಲು.

ಪೇಟೆಯ ಮೇಷ್ಟ್ರು ಕಾಲು ಮುಟ್ಟಲಿಲ್ಲ. "ಗಣಿತದಲ್ಲಿ ಎಷ್ಟು ಬರುತ್ತೆ?" ಎಂದು ಕೇಳಿದರು. ಹೇಳಿದೆ. ಕೊಡೆ ಮಡಚಿ, ಮತ್ತೊಮ್ಮೆ ಕೇಳಿಸಿಕೊಂಡು, "ಹಾಗಾದರೆ ನಮ್ಮಲ್ಲಿಗೆ ಬಾ. ಕ್ಲಾಸಿಗೂ ಬಾ, ಆಟಕ್ಕೂ ಬಾ" ಎಂದರು. ಬರುತ್ತೇನೆ ಎಂದು ಮಾತು ಕೊಟ್ಟೆ.

ಇದನ್ನೆಲ್ಲ ಬಯಲಿನ ಅಂಚಿನಲ್ಲಿ ಕೂತು ನೋಡುತ್ತಿದ್ದವನೊಬ್ಬನಿದ್ದ. ನಮ್ಮ ಹಿಂದಿನ ಲೈನಿನ ತಮಿಳರ ಮನೆಯವನು, ನನಗಿಂತ ಮೂರು ವರ್ಷ ದೊಡ್ಡವನು, ಒಂದು ಕಾಲಕ್ಕೆ ಈ ಬಯಲಿನ ರಾಜ. ನಾನು ಅಣ್ಣ ಎನ್ನುತ್ತಿದ್ದೆ, ಅವನು ತಂಬಿ ಎನ್ನುತ್ತಿದ್ದ. ಅವನನ್ನೂ ಬಿಳಿ ಶೂನವರೇ ದಂಡಿನ ಕಾಲೇಜಿಗೆ ಕರೆದುಕೊಂಡು ಹೋಗಿದ್ದರು. ಊದಿದ ಮೊಣಕಾಲಿಗೆ ಪಟ್ಟಿ ಕಟ್ಟಿ, "ಇದೊಂದು ಮ್ಯಾಚು" ಎಂದು ಪೇಟೆ ಕಾಲೇಜಿನ ಮೇಲೆ ಆಡಿಸಿದ್ದರು. ಮ್ಯಾಚು ಗೆದ್ದರು. ಅವನು ಕೋಲು ಹಿಡಿದು ಬಂಗಾರಪೇಟೆಯಲ್ಲಿ ಇಳಿದ. ಮಾವ ಹೇಳಿದ ಕೋಲು ಅವನದೇ. ಈಗ ಕುಂಟುತ್ತಲೇ ಗಣಿಗೆ ಇಳಿಯುತ್ತಿದ್ದ.

"ಬೂಟು ವೇಣಾಂ ತಂಬಿ" ಎಂದ. "ವಾಪಸ್ ಕೊಟ್ಬುಡು. ನನ್ನ ಸರ್ಟಿಫಿಕೇಟೆಲ್ಲಾ ಇನ್ನೂ ಅಲ್ಲೇ ಅವೆ, ಕಬ್ಬಿಣದ ಬೀರೂಲಿ. ಕೇಳಿದ್ರೆ ನಾಳೆ ಬಾ ಅಂತಾರೆ. ಈ ಕಾಲಲ್ಲಿ ಎಷ್ಟು ನಾಳೆ ಓಗ್ಲಿ?"

ಮರುದಿನವೇ ಬೂಟು ಕಾಗದದಲ್ಲಿ ಸುತ್ತಿ ತೆಗೆದಿಟ್ಟೆ, ಅವರು ಬಂದರೆ ಕೊಡೋಣವೆಂದು.

ಫಲಿತಾಂಶ ಬಂತು. ಪಾಸಾದೆ. ಸ್ಕೂಲಿನಿಂದ ಟಿ.ಸಿ.ಯನ್ನೂ ಮಾರ್ಕಿನ ಪುಸ್ತಕವನ್ನೂ ತಂದು ಅಮ್ಮನ ಟ್ರಂಕಿನಲ್ಲಿಟ್ಟು, ಬೂದಿಕೋಟೆಗೆ ಅಜ್ಜಿಯನ್ನು ನೋಡಲು ಹೋದೆ. ಮೂರು ದಿನ ಬಿಟ್ಟು ಬಂದರೆ ಟ್ರಂಕಿನಲ್ಲಿ ಕಾಗದಗಳಿಲ್ಲ. ಸುತ್ತಿಟ್ಟ ಬೂಟು ಇದ್ದಲ್ಲೇ ಇತ್ತು.

"ಅಪ್ಪಾ, ನನ್ನ ಕಾಗದ?"

"ಕೊಟ್ಟೆ."

"ಯಾರಿಗೆ?"

"ಬಿಳೀ ಬೂಟ್ಸಿನ ಸ್ವಾಮಿ ಬಂದಿದ್ರು. ಪಾಳಿ ಬಿಡೋ ಒತ್ತಿಗೆ ಕಿಟಕೀತಾವ್ಲೇ ನಿಂತಿದ್ರು. ಕಾಗ್ದ ಕೊಟ್ರೆ ನಿನ್ನ ಮಗ ಒಳಗೆ ಬಂದಂಗೆ ಅಂದ್ರು. ಮನೆಗೆ ಕರ್ಕೊಂಬಂದು ತೆಗ್ದು ಕೊಟ್ಟೆ."

"ರಸೀದಿ?"

ಅಪ್ಪ ನನ್ನ ಮುಖ ನೋಡಿದ. "ರಸೀದಿ ಏನ್ಲಾ? ನಾನು ಇಪ್ಪತ್ತು ವರ್ಸದಿಂದ ಬಿಲ್ಲೆ ಕೊಡ್ತಿವ್ನಿ. ಒಂದಿನಾನಾ ರಸೀದಿ ಕೇಳಿವ್ನಾ? ಒಳಗೆ ಓಗೋವಾಗ ಕೊಡೋದು, ಈಚೆ ಬರೋವಾಗ ಇಸ್ಕೊಳ್ಳೋದು."

ಇಡೀ ಲೈನಿನಲ್ಲಿ ಯಾವ ಅಪ್ಪನಾಗಿದ್ದರೂ ಅದನ್ನೇ ಮಾಡುತ್ತಿದ್ದ.

ಬೆಂಗಳೂರಿಗೆ ಹೋಗಿ ಕೇಳಿದೆವು. ಬಿಳಿ ಶೂನವರು ನಗುತ್ತಲೇ ಇದ್ದರು. "ಕಾಗದ ಎಲ್ಲೂ ಹೋಗಲ್ಲ, ಭದ್ರವಾಗಿದೆ" ಎಂದು ಬೀರುವಿನ ಬಾಗಿಲು ತಟ್ಟಿ ತೋರಿಸಿದರು. ಪೇಟೆಯ ಮೇಷ್ಟ್ರ ಬಳಿ ಹೋದಾಗ ಅವರು ಕೊಡೆಯ ತುದಿಯಿಂದ ನೆಲ ಕೆರೆಯುತ್ತ, "ಮೂಲಪ್ರತಿ ಇಲ್ಲದೆ ಹೇಗಪ್ಪಾ ಸೇರಿಸಿಕೊಳ್ಳಲಿ?" ಎಂದರು. ಹೀಗೆ ನಾನು ಮಾತು ಕೊಟ್ಟ ಕಾಲೇಜಿಗೆ ಬೆನ್ನು ಮಾಡಿ, ಕಾಗದವಿದ್ದ ಕಾಲೇಜಿಗೆ ಸೇರಿದೆ. ತೆಗೆದಿಟ್ಟ ಬೂಟನ್ನೂ ಹಾಕಿದೆ.

ಪಿ.ಯು.ಸಿ. ವರ್ಷ. ನಾವು ಊರೂರಿನಿಂದ ಬಂದ ಆಟಗಾರರೆಲ್ಲ ಹಾಸ್ಟೆಲ್ಲಿನ ಒಂದೇ ಸಾಲಿನ ಕೋಣೆಗಳಲ್ಲಿ. ಊಟ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಮೊಟ್ಟೆ ದಿನಾ ತಿಂದದ್ದು ಅಲ್ಲೇ. ಬೆಳಗ್ಗೆ ಆಟ, ಮಧ್ಯಾಹ್ನ ಆಟ. ಕ್ಲಾಸಿಗೆ ಹೋಗದಿದ್ದರೂ ಹಾಜರಿ ಬೀಳುತ್ತಿತ್ತು. ನಾನು ಹಿಂದಿನ ಬೆಂಚಿನಲ್ಲಿ ಕೂರಲು ಹೋದರೆ ಹುಡುಗರು ನಗುತ್ತಿದ್ದರು: "ಏನಪ್ಪಾ ರೈಟ್ ಔಟ್, ಇವತ್ತು ಇನ್‌ಸೈಡ್?" ಕೋಣೆಯ ಗೋಡೆಯ ಮೇಲೆ ಹಿಂದಿನವರು ಮೊಳೆಯಿಂದ ತಮ್ಮ ಹೆಸರು ಗೀಚಿದ್ದರು. ಅಣ್ಣನ ಹೆಸರೂ ಇತ್ತು. ಅವರಲ್ಲಿ ಡಿಗ್ರಿ ಮುಗಿಸಿದವರು ಎಷ್ಟು ಜನ ಎಂದು ಅಡುಗೆಯವನನ್ನು ಒಮ್ಮೆ ಕೇಳಿದೆ. ಅವನು ಸಾರಿನ ಸೌಟು ಹಿಡಿದು ಸ್ವಲ್ಪ ಯೋಚಿಸಿ, "ನಿಂಗೆ ಇನ್ನೊಂದು ಸೌಟು ಹಾಕ್ಲಾ?" ಎಂದ.

ಪೇಟೆ ಕಾಲೇಜಿನ ಮೇಲಿನ ಮ್ಯಾಚಿಗೆ ವಾರವಿರುವಾಗ ಅಭ್ಯಾಸದಲ್ಲಿ ಬಿದ್ದೆ. ಬಲ ಮೊಣಕಾಲು ಕುಂಬಳದಂತೆ ಊದಿತು. ಬಿಳಿ ಶೂನವರು ಬಿಸಿನೀರಿನ ಚೀಲ ತಂದರು, ತಾವೇ ಪಟ್ಟಿ ಸುತ್ತಿದರು, ತಾಯಿಯಂತೆ ಸುತ್ತಿದರು. ಗಂಟು ಹಾಕುವಾಗ ಹೇಳಿದರು:

"ಇದೊಂದು ಮ್ಯಾಚು. ಆಮೇಲೆ ಎಷ್ಟು ಬೇಕಾದರೂ ರೆಸ್ಟು ತಗೋ."

ಅಣ್ಣನಿಗೂ ಇದೇ ಮಾತು ಹೇಳಿದ್ದರು.

"ಆಗದಿದ್ದರೆ ಸಾರ್?"

"ಕೋಣೆ ಆಟಗಾರರಿಗೆ ಇರೋದು ಕಣಯ್ಯ."

ಶನಿವಾರ ಮಧ್ಯಾಹ್ನ ಹಾಸ್ಟೆಲ್ಲಿನ ಗೇಟಿನಲ್ಲಿ ಯಾರೋ ಕಾಯುತ್ತಿದ್ದಾರೆ ಎಂದರು. ಗೋಡೆ ಹಿಡಿದು ಹೋದೆ. ಅಪ್ಪ. ರಜೆ ಹಾಕಿ ಬರುವವನಲ್ಲ ಅವನು. ಗಣಿಯ ಟೋಪಿಯನ್ನು ಮನೆಯಲ್ಲಿ ಬಿಡುವುದನ್ನೂ ಮರೆತು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದ.

"ಬುಧವಾರ ಬಂಡೆ ಸಿಡೀತು" ಎಂದ. "ನಾವೆಲ್ಲ ಮೇಲೆ ಬಂದ್ವಿ. ನೀನು ಅಣ್ಣ ಅಂತಿದ್ಯಲ್ಲ, ಇಂದ್ಗಡೆ ಲೈನಿನವ್ನು, ಅವ್ನು ಬರ್ಲಿಲ್ಲ. ಎಲ್ರೂ ಓಡುದ್ರು. ಅವ್ನಿಗೆ ಓಡಕ್ಕಾಗ್ಲಿಲ್ಲ. ಬಿಲ್ಲೆ ಇನ್ನೂ ಮೊಳೇಲೇ ಐತೆ."

ಆಮೇಲೆ ಅವನ ಕಣ್ಣು ನನ್ನ ಕಾಲಿಗೆ ಬಿತ್ತು. ಅಲ್ಲೇ ರಸ್ತೆಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಪಟ್ಟಿ ಬಿಚ್ಚಿ, ಒಂದು ಬೆರಳು ಇಟ್ಟು ನೋಡಿದ. ನಾನು ಹಲ್ಲು ಕಚ್ಚಿದೆ.

"ಈ ಕಾಲಲ್ಲಿ ಆಡು ಅಂದವ್ರಾ?"

"ಹೂಂ. ನಾಳೆ ಇದೊಂದು ಮ್ಯಾಚು ಅಂತೆ."

ಅಪ್ಪ ಪಟ್ಟಿಯನ್ನು ಮತ್ತೆ ಸುತ್ತಿದ. "ನಾನು ಆ ಸ್ವಾಮಿಗೆ ಕೊಟ್ಟಿದ್ದು ಕಾಗ್ದ. ಕಾಲು ಕೊಟ್ಟಿಲ್ಲ. ಟ್ರಂಕ್ ತಗೊಂಡ್ ಬಾ, ಓಗಾಣ."

ಬೂಟನ್ನು ಮಂಚದ ಕೆಳಗೇ ಬಿಟ್ಟು ಬಂದೆ. ಬಂಗಾರಪೇಟೆಯಲ್ಲಿ ಇಳಿದಾಗ ನಾನು ಅಪ್ಪನ ಹೆಗಲು ಹಿಡಿದಿದ್ದೆ. ಮಾವ ಬಾವುಟ ಹಿಡಿದು ಅಲ್ಲೇ ನಿಂತಿದ್ದ. ಗಾಡಿಯನ್ನು ಕಳಿಸಿ ನಮ್ಮ ಕಡೆ ಬಂದ.

"ಕೋಲು ತರ್ಲಿಲ್ವಾ? ಅದೊಂದೇ ಕಮ್ಮಿ" ಎಂದ. "ಯೋಳಿದ್ನಲ್ಲ, ಆಗಲ್ಲ ಅಂತ. ನಡಿ ಮನೆಗೆ. ನಿಮ್ಮತ್ತೆ ಸಾರು ಮಾಡವ್ಳೆ."

ಮಾವನ ಆ ಮನೆಯಲ್ಲಿ ಐದು ವರ್ಷ ಇದ್ದು ಅದೇ ಕಾಲೇಜಿಗೆ ಹೋಗಿಬಂದೆ. ಕಾಲೇಜಿನಿಂದ ನನ್ನನ್ನು ತೆಗೆಯಲು ಅವರಿಗೆ ದಾರಿಯಿರಲಿಲ್ಲ, ನನ್ನ ಮಾರ್ಕು ಸೀಟಿಗೆ ಸಾಕಾಗಿತ್ತು. ಆದರೆ ನಾನು ಆಟ ಬಿಟ್ಟೊಡನೆ ಆಟವಾಡಿದ ದಿನಗಳ ಹಾಜರಿಯೆಲ್ಲ ಗೈರುಹಾಜರಿಯಾಯಿತು. ಆ ವರ್ಷ ಪರೀಕ್ಷೆಗೆ ಕೂರಿಸಲಿಲ್ಲ. ಮೊದಲಿಂದ ಶುರು ಮಾಡಿದೆ. ದಿನವೂ ಬೆಳಗಿನ ಮೊದಲ ಗಾಡಿ, ಸಂಜೆಯ ಗಾಡಿ. ಗಣಿತವನ್ನು ಕಲಿತದ್ದು ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತು ಕಡಿಮೆ, ಬಾಗಿಲ ಪಕ್ಕ ನಿಂತು ಹೆಚ್ಚು. ಮಾವ ದಿನಾ ಬೆಳಗ್ಗೆ ಕಾಲಿನಿಂದ ನನ್ನ ಚಾಪೆ ಅಲುಗಿಸುತ್ತಿದ್ದ: "ಎದ್ದೇಳ್ಲಾ, ಸಿಗ್ನಲ್ ಬಿದ್ದೈತೆ. ಎಂಗಿದ್ರೂ ಆಗಲ್ಲ, ಇವತ್ತೊಂದಿನ ಓಗ್ಬುಟ್ಟು ಬಾ." ಒಂದು ದಿನವೂ ನನ್ನ ಗಾಡಿ ತಪ್ಪಲಿಲ್ಲ.

ಪ್ರತಿ ವರ್ಷ ಹೊಸ ಹುಡುಗರು ಹೆಗಲಿಗೆ ಬೂಟು ಹಾಕಿಕೊಂಡು ಅದೇ ಗಾಡಿ ಹತ್ತುತ್ತಿದ್ದರು. ಕೆಲವರಿಗೆ ಹೇಳಿದೆ. ನನ್ನ ಮಾತು ಕೇಳುತ್ತ ಅವರು ನನ್ನ ಕಾಲು ನೋಡುತ್ತಿದ್ದರು, ಇವನಿಗೆ ಹೊಟ್ಟೆಯುರಿ ಎಂಬಂತೆ.

ಬಿ.ಎಸ್ಸಿ. ಪಾಸಾದ ದಿನ ಮಾವನಿಗೆ ಹೇಳಿದೆ. ಅವನು ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ. "ನಾನು ಆಗಲ್ಲ ಅಂದಿದ್ದು ಬಿ.ಎ.ಗೆ ಕಣ್ಲಾ" ಎಂದು ಬಾವುಟ ಎತ್ತಿಕೊಂಡು ಹಳಿಗುಂಟ ಹೊರಟುಹೋದ. ಬಹಳ ಹೊತ್ತು ಬರಲಿಲ್ಲ.

ಸರ್ಟಿಫಿಕೇಟು ತರಲು ಅಪ್ಪನೂ ಬಂದ. ಆಗಲೇ ಅವನ ಎದೆಯಲ್ಲಿ ಗಣಿಯ ದೂಳು ಕೂತಿತ್ತು, ನಾಲ್ಕು ಹೆಜ್ಜೆಗೊಮ್ಮೆ ನಿಂತು ಕೆಮ್ಮುತ್ತಿದ್ದ. ಕಾಲೇಜಿನ ಆಫೀಸಿಗೂ ಒಂದು ಕಿಟಕಿಯಿತ್ತು, ಸರಳು ಹಾಕಿದ್ದು. ಅಪ್ಪ ನನ್ನನ್ನು ಪಕ್ಕಕ್ಕೆ ಸರಿಸಿ ತಾನೇ ಮುಂದೆ ನಿಂತ. ಗುಮಾಸ್ತ ಬೀರು ತೆಗೆದು, ಹುಡುಕಿ, ಮೊದಲು ನನ್ನ ಹಳೆಯ ಮಾರ್ಕಿನ ಪುಸ್ತಕವನ್ನೂ ಅದರ ಮೇಲೆ ಡಿಗ್ರಿಯ ಸರ್ಟಿಫಿಕೇಟನ್ನೂ ಇಟ್ಟು ಸರಳಿನ ಸಂದಿಯಲ್ಲಿ ಕೊಟ್ಟ. ನಾನು ಸಹಿ ಮಾಡಿದೆ. ಅಪ್ಪ ಎರಡನ್ನೂ ಪಂಚೆಯ ಚುಂಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟ.

ನಾನು ಹೊರಟೆ. ಅವನು ಕಿಟಕಿ ಬಿಟ್ಟು ಕದಲಲಿಲ್ಲ.

"ಇನ್ನೇನಪ್ಪಾ?" ಎಂದ ಗುಮಾಸ್ತ.

ಅಪ್ಪ ಅಣ್ಣನ ಹೆಸರು ಹೇಳಿದ, ಅವನ ತಂದೆಯ ಹೆಸರನ್ನೂ ಸೇರಿಸಿ ಹೇಳಿದ. ಆಮೇಲೆ ಕೈಯನ್ನು ಸರಳಿನೊಳಗೆ ಚಾಚಿದ.

"ಅವ್ನದೂ ಅದೇ ಬೀರೂಲಿ ಐತೆ ಸ್ವಾಮಿ. ಕೊಟ್ಬುಡಿ. ಬಿಲ್ಲೆ ಅಂತೂ ಅವ್ನ ಕೈಗೆ ಬರ್ಲಿಲ್ಲ, ಕಾಗ್ದನಾದ್ರೂ ಅವರಮ್ಮನ ಕೈಗೆ ಆಕ್ತೀನಿ."